ಬಯಲುಸೀಮೆಯಲ್ಲಿ ಜಾಲಿ ಬಿಟ್ಟರೆ ಏನಿದೆ? ಒಬ್ಬ ಓದುಗರಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಶಾಲಾ ಶಿಕ್ಷಕಿ. ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು. ರಜೆ ಬಂತು ಅಂದ್ರೆ ಕೊಡಗು, ಚಿಕ್ಕಮಗಳೂರು ಅಂತ ಹೋಗ್ತೀವಿ. ರಸ್ತೆ ತುಂಬ ಕಾರು, ರೆಸಾರ್ಟ್ ತುಂಬ ಡಿಜೆ. ನಮ್ಮ ದೇಶದ ಕಾಡು, ಬೆಟ್ಟ, ಹುಲ್ಲುಗಾವಲು, ಮರುಭೂಮಿ ಎಲ್ಲವನ್ನೂ ನಿಧಾನಕ್ಕೆ ನೋಡಬೇಕು ಅನ್ನೋ ಆಸೆ ಇದೆ. ಹತ್ತಿರದಿಂದಲೇ ಶುರು ಮಾಡೋಣ ಅಂದ್ರೆ ನಮ್ಮ ಯಜಮಾನ್ರು "ಬಯಲುಸೀಮೇಲಿ ಜಾಲಿ ಬಿಟ್ರೆ ಏನಿದೆ?" ಅಂತಾರೆ. ನಿಜಾನಾ? ಎಲ್ಲಿಂದ, ಯಾವ ತಿಂಗಳಲ್ಲಿ ಶುರು ಮಾಡಬೇಕು? ಮಕ್ಕಳ ಜೊತೆ ಹೋಗೋಕೆ ಭಯ ಇಲ್ವಾ?

ಉತ್ತರ: ನಿಮ್ಮ ಯಜಮಾನ್ರ ಮಾತಲ್ಲಿ ಅರ್ಧ ನಿಜ ಇದೆ. ಜಾಲಿ ಜಾಸ್ತಿಯೇ. ಅದರಲ್ಲೂ ಹೈವೇ ಪಕ್ಕ ಕಾಣುವ ಬಳ್ಳಾರಿ ಜಾಲಿ ಈ ನೆಲದ್ದೇ ಅಲ್ಲ, ಅಮೆರಿಕದ ಕಡೆಯಿಂದ ಬಂದದ್ದು. ಎಂಬತ್ತು ಕಿಲೋಮೀಟರ್ ವೇಗದಲ್ಲಿ, ಏಸಿ ಹಾಕಿಕೊಂಡು, ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಯಾರಿಗಾದರೂ ಕಾಣುವುದು ಅಷ್ಟೇ. ಮಲೆನಾಡು ಕಾರಿನ ಕಿಟಕಿಯಿಂದಲೂ ಚೆಂದ. ನಮ್ಮ ಕಡೆಯ ಕಾಡು ಹಾಗಲ್ಲ. ಇಳಿಯಬೇಕು, ನಡೆಯಬೇಕು, ಕೂರಬೇಕು. ಅದೂ ಸರಿಯಾದ ತಿಂಗಳಲ್ಲಿ, ಸರಿಯಾದ ಹೊತ್ತಿನಲ್ಲಿ.

ಹಾಗಾಗಿ ನನ್ನ ಮೊದಲ ಸಲಹೆ: ಹತ್ತು ಜಾಗ ನೋಡುವ ಪಟ್ಟಿ ಹಾಕಬೇಡಿ. ಒಂದು ಗುಡ್ಡ ಆರಿಸಿಕೊಳ್ಳಿ. ಅದನ್ನೇ ಬೇರೆ ಬೇರೆ ಕಾಲದಲ್ಲಿ ಮೂರ್ನಾಲ್ಕು ಸಲ ನೋಡಿ. ಆಮೇಲೆ ದೇಶ ಸುತ್ತಿ.

ನಿಮಗೆ ಆ ಗುಡ್ಡ ಜೋಗಿಮಟ್ಟಿ ಆಗಲಿ. ಚಿತ್ರದುರ್ಗ ಊರಿಂದ ಹತ್ತು ಕಿಲೋಮೀಟರ್ ಆಸುಪಾಸು. ದಾವಣಗೆರೆಯಿಂದ ಬೆಳಗ್ಗೆ ಹೊರಟು ಸಂಜೆ ಮನೆ ಸೇರಬಹುದು. ತುದಿ 1,300 ಮೀಟರಿಗೂ ಎತ್ತರ. ಸುತ್ತಲಿನ ಸುಮಾರು 100 ಚದರ ಕಿಲೋಮೀಟರ್ ಕಾಡು ಈಗ ವನ್ಯಜೀವಿಧಾಮ. ಕೆಳಗೆ ಆಡುಮಲ್ಲೇಶ್ವರದ ಕಿರು ಮೃಗಾಲಯ ಇದೆ. ಚಿಕ್ಕವರಿಗೆ ಅದೇ ದೊಡ್ಡ ಆಕರ್ಷಣೆ ಆಗಬಹುದು, ಬೇಡ ಅನ್ನಬೇಡಿ. ಕರಡಿ ಎಷ್ಟು ದಪ್ಪ, ಅದರ ಉಗುರು ಎಷ್ಟು ಉದ್ದ ಅಂತ ಅಲ್ಲಿ ಒಮ್ಮೆ ನೋಡಿದ ಮಗು ಮೇಲೆ ಕಾಡಿನಲ್ಲಿ ನೀವು ಹೇಳಿದ ಮಾತು ಕೇಳುತ್ತದೆ.

ಗುಡ್ಡ ಹತ್ತುತ್ತಾ ಹೋದಂತೆ ಗಿಡ ಬದಲಾಗುವುದನ್ನು ಗಮನಿಸಿ. ಕೆಳಗೆ ಮುಳ್ಳಿನ ಕಾರೆ, ಕವಳಿ, ಬಂದರೆ. ಸ್ವಲ್ಪ ಮೇಲಕ್ಕೆ ಎಲೆ ಉದುರಿಸುವ ಮರಗಳು, ದಿಂಡಿಗ, ಕಗ್ಗಲಿ, ಕಮರ. ತುದಿಯಲ್ಲಿ ಹುಲ್ಲು, ಗಾಳಿ, ಗಾಳಿಯಂತ್ರ. ಆಷಾಢದಲ್ಲಿ ಇಲ್ಲಿ ನಿಂತರೆ ಆ ಯಂತ್ರಗಳನ್ನು ಇಲ್ಲೇ ಯಾಕೆ ನೆಟ್ಟರು ಅಂತ ಕೇಳುವ ಅಗತ್ಯ ಬೀಳುವುದಿಲ್ಲ. ತಲೆ ಮೇಲಿನ ಟೋಪಿ ಕೆಳಗಿನ ಕಣಿವೆ ಸೇರಿರುತ್ತದೆ.

ಯಾವ ತಿಂಗಳು ಅಂತ ಕೇಳಿದ್ದೀರಿ. ನಮ್ಮದು ಸಹ್ಯಾದ್ರಿಯ ಮಳೆ ನೆರಳಿನ ನಾಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಚಳ್ಳಕೆರೆ ಹತ್ತಿರ ಬರುವಷ್ಟರಲ್ಲಿ 500ರ ಆಸುಪಾಸಿಗೆ ಇಳಿದಿರುತ್ತದೆ. ಜೂನ್-ಜುಲೈನಲ್ಲಿ ಮೋಡ ಓಡುತ್ತದೆ, ಮಳೆ ಕಮ್ಮಿ. ನಿಜವಾದ ಮಳೆ ಹಸ್ತ, ಚಿತ್ತಾ, ಸ್ವಾತಿಯಲ್ಲಿ. ಅಂದ್ರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದ ತನಕ. ಬಂಡೆಗಳ ಮೇಲಿನ ದೊಣೆ ತುಂಬುವುದು, ಹುಲ್ಲು ಮೊಣಕಾಲು ಮುಟ್ಟುವುದು ಆಗಲೇ. ಮೊದಲ ಸಲ ದಸರಾ ರಜೆ ಮುಗಿಯುವ ಹೊತ್ತಿಗೆ ಹೋಗಿ. ಎರಡನೇ ಸಲ ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ, ವಲಸೆ ಹಕ್ಕಿ ಬಂದಿರುತ್ತವೆ. ಮೂರನೆಯದು ಶಿವರಾತ್ರಿ ಆಸುಪಾಸು. ಎಲೆಯೇ ಇಲ್ಲದ ಕಾಡಿನಲ್ಲಿ ಮುತ್ತುಗ ಮಾತ್ರ ಕೆಂಪಗೆ ಹೂ ಬಿಟ್ಟಿರುತ್ತದೆ. ಈ ಮೂರನೆಯದನ್ನೇ ಜನ ಬಿಡುವುದು, "ಒಣಗಿದೆ" ಅಂತ. ನನಗೆ ಕೇಳಿದರೆ ನೋಡೋಕೆ ಅದೇ ಒಳ್ಳೇ ಕಾಲ. ಎಲೆ ಇಲ್ಲದ್ದರಿಂದ ಕಣ್ಣಿಗೆ ದೂರದವರೆಗೆ ದಾರಿ ಸಿಗುತ್ತದೆ, ಪ್ರಾಣಿಗಳೂ ಇದ್ದಷ್ಟು ನೀರಿನ ಸುತ್ತ ಸೇರುತ್ತವೆ. ಏಪ್ರಿಲ್, ಮೇ ಬೇಡ. ಬಂಡೆ ಸುಡುತ್ತದೆ, ಕಾಡಿಗೆ ಬೆಂಕಿ ಬೀಳುವ ಕಾಲ.

ಇನ್ನು ನಿಮ್ಮದೇ ಜಿಲ್ಲೆಯಲ್ಲಿರುವ, ದಾವಣಗೆರೆ ಜನರೇ ಜಾಸ್ತಿ ನೋಡದ ಒಂದು ಜಾಗ. ಜಗಳೂರು ತಾಲೂಕಿನ ರಂಗಯ್ಯನದುರ್ಗ. 2011ರಲ್ಲಿ ಕೊಂಡುಕುರಿಗಾಗಿಯೇ ವನ್ಯಜೀವಿಧಾಮ ಆಯಿತು, ಸುಮಾರು 77 ಚದರ ಕಿಲೋಮೀಟರ್. ಕೊಂಡುಕುರಿ ಹೆಸರಿಗೆ ಕುರಿ, ನಿಜಕ್ಕೆ ಪುಟ್ಟ ಜಿಂಕೆಯಷ್ಟು ಇರುವ ಪ್ರಾಣಿ. ಭುಜದ ಎತ್ತರ ಎರಡಡಿ, ತೂಕ ಇಪ್ಪತ್ತು ಕಿಲೋ ಸುಮಾರು. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಉದ್ದನೆಯವು ಎರಡು, ಹಣೆಯ ಮೇಲೆ ಮೊಳಕೆಯಂಥವು ಎರಡು. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ. ಭಾರತ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ಕೀನ್ಯಾಕ್ಕೆ ಲಕ್ಷಗಟ್ಟಲೆ ಸುರಿದು ಹೋದವರಿಗೆ ಅಲ್ಲಿ ಇದು ಸಿಗುವುದಿಲ್ಲ. ನಿಮ್ಮ ಯಜಮಾನ್ರಿಗೆ ಇದನ್ನು ಮೊದಲು ಹೇಳಿ.

ಕಾಣುತ್ತದೆ ಅಂತ ಮಾತು ಕೊಡಲಾರೆ. ಅದು ಗುಂಪು ಕಟ್ಟದ, ನಾಚಿಕೆ ಸ್ವಭಾವದ ಪ್ರಾಣಿ. ಹುಲ್ಲಿನಲ್ಲಿ ತಗ್ಗಿ ನಿಂತರೆ ಪಕ್ಕದಲ್ಲೇ ಹೋದರೂ ಗೊತ್ತಾಗುವುದಿಲ್ಲ. ಆದರೆ ಅದು ಇದ್ದ ಗುರುತು ಸಿಗುತ್ತದೆ. ಕೊಂಡುಕುರಿ ಹಿಕ್ಕೆ ಹಾಕಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ದಾರಿಯ ಪಕ್ಕ ಒಂದು ಸಣ್ಣ ಗುಡ್ಡೆ ಇರುತ್ತದೆ. ಬಗ್ಗಿ ನೋಡಿ. ತಳದಲ್ಲಿ ಬೂದಿ ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿರುವ ಹಳೆಯ ಹಿಕ್ಕೆ. ಅದರ ಮೇಲೆ ಒಣಗಿದ ಕಂದು. ಎಲ್ಲಕ್ಕಿಂತ ಮೇಲೆ ಹೊಳಪಿರುವ ಕಪ್ಪು ಹಿಕ್ಕೆ ಇದ್ದರೆ ರಾತ್ರಿಯೋ ಬೆಳಗ್ಗೆಯೋ ಬಂದು ಹೋಗಿದೆ ಅಂತ ಲೆಕ್ಕ. ಮೇಕೆ ಹಿಕ್ಕೆಯಾದರೆ ಮಂದೆ ನಡೆದ ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ನೀವು ಟೀಚರು, ಮಕ್ಕಳಿಗೆ ಇದನ್ನು ಹೇಗೆ ತೋರಿಸಬೇಕು ಅಂತ ನನಗಿಂತ ಚೆನ್ನಾಗಿ ಗೊತ್ತು. ಹತ್ತು ವರ್ಷದವರು "ಛೀ" ಅಂದು ಎರಡು ನಿಮಿಷಕ್ಕೆ ತಾವೇ ಮುಂದಿನ ಗುಡ್ಡೆ ಹುಡುಕಲು ಶುರು ಮಾಡುತ್ತಾರೆ.

ಇಲ್ಲಿಗೆ ಹೋಗುವ ಮುಂಚೆ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ, ಅನುಮತಿ ತಗೊಳ್ಳಿ. ಇದು ಶಿಷ್ಟಾಚಾರದ ಮಾತಲ್ಲ. ವನ್ಯಜೀವಿಧಾಮದೊಳಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಜೋಗಿಮಟ್ಟಿಗೂ ಅಷ್ಟೇ: ಗೇಟಿನಲ್ಲಿ ಹೇಳಿದ ದಾರಿ ಬಿಟ್ಟು ಹೋಗಬೇಡಿ, ಹೊತ್ತು ಮುಳುಗುವ ಮುಂಚೆ ಇಳಿಯಿರಿ. ಒಳಗಿನ ಹಿಮವತ್ಕೇದಾರದಂಥ ಜಾಗಕ್ಕೆ ಹೋಗುವುದಿದ್ದರೆ ಇಲಾಖೆಯವರನ್ನು ಕೇಳಿ, ದಾರಿ ಬಲ್ಲವರ ಜೊತೆಯೇ ಹೋಗಿ. ಡ್ರೋನ್ ಬೇಡವೇ ಬೇಡ. ಗಾರ್ಡ್ ಜೊತೆಗೆ ಬಂದರೆ ಅವರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಸುಮ್ನೆ ನಡೆದರೂ ಅವರು ನಾಲ್ಕು ವಿಷಯ ತೋರಿಸುತ್ತಾರೆ.

ಈಗ ಭಯದ ಪ್ರಶ್ನೆ. ಚಿರತೆ ಅಂತ ಎಲ್ಲರೂ ಹೆದರುತ್ತಾರೆ. ನಾನು ಮಕ್ಕಳ ಜೊತೆ ಇದ್ದಾಗ ಯೋಚನೆ ಮಾಡುವುದು ಕರಡಿ ಬಗ್ಗೆ. ಚಿರತೆ ನಿಮ್ಮನ್ನು ನಿಮಗಿಂತ ಮುಂಚೆ ನೋಡಿ ಜಾರಿಕೊಳ್ಳುತ್ತದೆ. ಕರಡಿಗೆ ಕಣ್ಣು, ಕಿವಿ ಅಷ್ಟು ಚುರುಕಲ್ಲ, ಮೂಗೇ ಎಲ್ಲ. ಹುತ್ತಕ್ಕೆ ಮೂತಿ ಹಾಕಿ ಗೆದ್ದಲು ಹೀರುತ್ತಿದ್ದರೆ ಅದಕ್ಕೆ ಬೇರೆ ಪ್ರಪಂಚವೇ ಇಲ್ಲ. ಮೇಲಿನ ಮುಂದಿನ ಎರಡು ಹಲ್ಲು ಇಲ್ಲದ ಸಂದಿನಿಂದ ಹೀರುವ ಆ ಸದ್ದು ಒಳ್ಳೇ ದೂರಕ್ಕೆ ಕೇಳಿಸುತ್ತದೆ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸದೇ ಇದ್ದು, ನೀವು ಸದ್ದಿಲ್ಲದೆ ತಿರುವಿನಲ್ಲಿ ಎದುರಾದಿರೋ, ಗಾಬರಿಯಿಂದ ಮೇಲೆ ಬೀಳುತ್ತದೆ. ಬೆನ್ನ ಮೇಲೆ ಮರಿ ಕೂರಿಸಿಕೊಂಡ ತಾಯಿಯಂತೂ ಬಿಡುವುದೇ ಇಲ್ಲ.

ಹಾಗಾಗಿ ಕರಡಿ ಇರುವ ಗುಡ್ಡದಲ್ಲಿ ಪಿಸುಮಾತು ಬೇಡ. ಮನೆಯಲ್ಲಿ ಮಾತಾಡುವಷ್ಟೇ ಜೋರಾಗಿ ಮಾತಾಡುತ್ತಾ ಹೋಗಿ. ಹಕ್ಕಿ ನೋಡುವವರು ಬೆಳಗ್ಗೆ ಐದೂವರೆಗೇ ಹೊರಡಿ ಅಂತಾರೆ. ಮಕ್ಕಳಿದ್ದರೆ ಬಿಸಿಲು ಬಿದ್ದ ಮೇಲೆ, ಏಳೂವರೆ ಹೊತ್ತಿಗೆ ಶುರು ಮಾಡಿ, ಹತ್ತೂವರೆಗೆ ಮುಗಿಸಿ. ದೊಡ್ಡವರೊಬ್ಬರು ಮುಂದೆ, ಒಬ್ಬರು ಹಿಂದೆ. ಸೀತಾಫಲ ಬಿಡುವ ಕಾಲದಲ್ಲಿ ಪೊದೆಯೊಳಗೆ ನುಗ್ಗಿ ಹಣ್ಣು ಕೀಳಬೇಡಿ, ಅದರ ಆಸೆ ನಿಮಗೊಬ್ಬರಿಗೇ ಅಲ್ಲ. ಬಂಡೆ ಸಂದು, ಗವಿಗಳಿಗೆ ಟಾರ್ಚ್ ಬಿಟ್ಟು ಇಣುಕಬೇಡಿ. ಕರಡಿ ಹಗಲು ಮಲಗುವುದು ಅಲ್ಲೇ. ಹಸಿ ಮಣ್ಣು ಕೆದರಿದ ಹುತ್ತ ಕಂಡರೆ, ಅದರ ಗೋಡೆಯಲ್ಲಿ ಉಗುರಿನ ಗೀರು ಇನ್ನೂ ಚೂಪಾಗಿದ್ದರೆ, ಫೋಟೋ ತೆಗೆದು ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಹೆಜ್ಜೇನು ಎರಡನೆಯದು. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಎತ್ತರದ ಬಂಡೆ ಇದ್ದಲ್ಲೆಲ್ಲ ಹುಟ್ಟು ಕಟ್ಟಿರುತ್ತವೆ. ಕೆಳಗೆ ಹೊಗೆ ಹಾಕುವುದು, ಕಲ್ಲೆಸೆಯುವುದು, ಸೆಂಟ್ ಬಳಿದುಕೊಂಡು ಹೋಗುವುದು ಬೇಡ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡದಂತೆ ಇಟ್ಟು ಸೀದಾ ಜಿಲ್ಲಾ ಆಸ್ಪತ್ರೆಗೆ. ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಮತ್ತೆ, ಹೊಂಡಕ್ಕಾಗಲಿ, ಕ್ವಾರಿ ಗುಂಡಿಗಾಗಲಿ ಮಕ್ಕಳನ್ನು ಇಳಿಸಬೇಡಿ. ನಮ್ಮ ಕಡೆ ಕಾಡುಪ್ರಾಣಿಗಿಂತ ದೊಡ್ಡ ಅಪಾಯ ಆ ನೀರೇ. ತುರ್ತಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926. ಎರಡನ್ನೂ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಪ್ರಾಣಿ ಬಿಡಿ, ಕಲ್ಲಿನ ಕಡೆ ಬನ್ನಿ. ಕೋಟೆಯನ್ನು ನೀವು ನೋಡಿಯೇ ಇರುತ್ತೀರಿ. ಓಬವ್ವನ ಕಿಂಡಿ, ಮದಕರಿ ನಾಯಕ, 1779ರಲ್ಲಿ ಹೈದರಾಲಿ, ಇದೆಲ್ಲ ಮಕ್ಕಳ ಪಾಠದಲ್ಲೇ ಇದೆ. ಮುಂದಿನ ಸಲ ಹೋದಾಗ ನೀರು ನೋಡಿ. ಮಳೆ ನೀರು ಬಂಡೆಯಿಂದ ಇಳಿದು ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿ ಉಕ್ಕಿದ್ದು ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಗೆ ಊರಿನ ಕಡೆಗೆ. ಒಳ್ಳೇ ಮಳೆಯಾದ ವಾರ ಹೋದರೆ ಈ ಸರಪಳಿ ಕಣ್ಣೆದುರೇ ಹರಿಯುತ್ತಿರುತ್ತದೆ. ಬರಡು ಬಂಡೆ ಅಂತ ನಾವು ಅನ್ನುವ ಗುಡ್ಡವೇ ಒಂದು ಇಡೀ ಊರಿಗೆ ನೀರು ಕೊಟ್ಟಿತು. ಭಾನುವಾರ ಹನ್ನೊಂದು ಗಂಟೆಗೆ ಮಾತ್ರ ಹೋಗಬೇಡಿ. ಜನವೂ ಜಾಸ್ತಿ, ಕೋತಿಯೂ ಜಾಸ್ತಿ.

ಇನ್ನೊಂದು ಕಲ್ಲು ಮರಡಿಹಳ್ಳಿಯದು. ಐಮಂಗಲದ ಹತ್ತಿರ. ಹೈವೇಯಲ್ಲಿ ಬೆಂಗಳೂರಿಗೆ ಹೋಗುವಾಗ ಸಾವಿರ ಸಲ ಪಕ್ಕದಲ್ಲೇ ದಾಟಿರುತ್ತೀರಿ. ಅಲ್ಲಿರುವುದು ಪಿಲ್ಲೋ ಲಾವಾ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ ಜಾಗ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಲಾವಾ ಅದನ್ನು ಒಡೆದು ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಹೀಗೆ ಒಂದರ ಮೇಲೊಂದು ಒಟ್ಟಿದ ದಿಂಬುಗಳು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಹತ್ತಿರ ಹೋಗಿ ಕೈ ಸವರಿ ನೋಡಿ. ಪ್ರತಿ ಉಂಡೆಯ ಅಂಚು ಬೇರೆಯಾಗಿ ಕಾಣುತ್ತದೆ, ಮೇಲಿನದು ಕೆಳಗಿನ ಎರಡರ ಸಂದಿಗೆ ಇಳಿದು ಕೂತಿರುತ್ತದೆ. ಮಳೆಗೆ ಬಾಯಿ ಬಿಡುವ ಹಿರಿಯೂರು ತಾಲೂಕಿನಲ್ಲಿ ಒಂದು ಕಾಲಕ್ಕೆ ನೀರಿನ ತಳ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಬೋರ್ಡ್ ಬಿಟ್ಟರೆ ಅಲ್ಲಿ ಜಾಸ್ತಿ ಏನೂ ಇಲ್ಲ. ಇಪ್ಪತ್ತು ನಿಮಿಷ ಸಾಕು. ಕಲ್ಲು ಒಡೆದು ಚೂರು ತರಬೇಡಿ.

ಅಲ್ಲಿಂದ ಹಾಗೇ ಮಾರಿಕಣಿವೆಗೆ ಹೋಗಬಹುದು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿದದ್ದು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಸೀಮೆಯ ಮಳೆ ಎಂಥದ್ದು ಅಂತ ತಿಳಿಯಲು ಈ ಎರಡು ಇಸವಿ ಸಾಕು.

ಹುಲ್ಲುಗಾವಲು ಅಂದಿದ್ದೀರಿ. ನಮ್ಮಲ್ಲಿ ಅದಕ್ಕೆ ಕಾವಲು ಅಂತಾರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ಅರಮನೆಯ ದನಗಳು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದವು. ಆ ದನ ಮೇಯಲು ಬಿಟ್ಟ ನೆಲವೇ ಕಾವಲು. ದನಕ್ಕೆ ಅಂತ ಉಳಿದ ಹುಲ್ಲಿನಲ್ಲಿ ಕೃಷ್ಣಮೃಗ, ತೋಳ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಉಳಿದುಕೊಂಡವು. ಚಳ್ಳಕೆರೆ ಕಡೆಯ ಕಾವಲಿನ ದೊಡ್ಡ ಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಕಾಂಪೌಂಡಿನೊಳಗೆ ಸೇರಿದೆ. ಆ ಗೋಡೆ ಪಕ್ಕ ಕ್ಯಾಮೆರಾ ಹಿಡಿದು ನಿಲ್ಲಬೇಡಿ. ನಿಮಗೆ ಸುಲಭದ್ದು ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಜೀವಿಧಾಮ. ದಾವಣಗೆರೆಯಿಂದ ನಲವತ್ತು ಕಿಲೋಮೀಟರ್ ಸುಮಾರು, 1974ರಿಂದ ಇದೆ. ಕಡೂರು ತಾಲೂಕಿನ ಬಾಸೂರು ಕಾವಲು ಚಿಕ್ಕದು, ಆದರೆ ನಿಜವಾದ ಹುಲ್ಲಿನ ಬಯಲು ಅಂದ್ರೆ ಏನು ಅಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹುಲ್ಲಿನ ಮೇಲೆ ಕಾರು ಇಳಿಸಬೇಡಿ. ಹಕ್ಕಿ ಮೊಟ್ಟೆ ಇಡುವುದು ಅಲ್ಲೇ ನೆಲದ ಮೇಲೆ. ರಾತ್ರಿ ಟಾರ್ಚ್ ಹಾಕಿಕೊಂಡು ಕಾವಲಿನಲ್ಲಿ ತಿರುಗಿದರೆ ಮೊಲದ ಬೇಟೆಗೆ ಬಂದವರು ಅಂತಲೇ ಲೆಕ್ಕ. ಊರವರು ಹಿಡಿದು ಕೂರಿಸಿದರೆ ಅವರ ತಪ್ಪಲ್ಲ.

ಮೊಳಕಾಲ್ಮೂರು ಕಡೆ ಬೇರೆಯೇ ಒಂದು ದಿನ ಇಟ್ಟುಕೊಳ್ಳಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯೂ ಅಶೋಕನ ಶಾಸನ ಇದೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಈ ಬಂಡೆಗಳ ನಡುವೆ ನಿಂತರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಓದುವ ಜನ ಇದ್ದರಲ್ವಾ ಅನ್ನಿಸುತ್ತದೆ. ಜಟಿಂಗ ರಾಮೇಶ್ವರದ ಬೆಟ್ಟ ಆರು ವರ್ಷದ ಮಗುವಿಗೆ ಸ್ವಲ್ಪ ಕಷ್ಟ. ಅದೂ ಕರಡಿ ಸೀಮೆಯೇ.

ಈ ಬಯಲಿನಲ್ಲಿ ಮ್ಯಾಸಬೇಡ ಸಮುದಾಯದವರು ದೇವರಿಗೆ ಬಿಟ್ಟ ಎತ್ತುಗಳ ಮಂದೆ ಎದುರಾಗಬಹುದು. ಜೊತೆಗೆ ಅವನ್ನು ಕಾಯುವ ಕಿಲಾರಿ ಇರುತ್ತಾರೆ. ಗಾಡಿ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ. ಎತ್ತುಗಳ ಗೂಡಿನ (ದೊಡ್ಡಿಯ) ಹತ್ತಿರ ಹೋಗುವುದಿದ್ದರೆ ಕೇಳಿ ಹೋಗಿ, ಚಪ್ಪಲಿ ಹೊರಗೆ ಬಿಡಿ. ಗೊಲ್ಲರಹಟ್ಟಿಗಳಲ್ಲೂ ಅವರವರ ಕಟ್ಟುಕಟ್ಟಳೆ ಇರುತ್ತವೆ, ಮೊದಲು ಯಜಮಾನರನ್ನು ಮಾತಾಡಿಸಿ. "ಅಜ್ಜಾ, ಈ ಹಳ್ಳದಾಗ ನೀರು ಯಾವಾಗ ಬತ್ತುತ್ತೆ?" ಅಂತ ಕೇಳಿ ನೋಡಿ. ಯಾವ ಆಪ್‌ನಲ್ಲೂ ಸಿಗದ ಉತ್ತರ ಸಿಗುತ್ತದೆ. ತೋಳ ಕುರಿ ಹೊತ್ತೊಯ್ದ ಕಥೆ ಅವರು ಹೇಳುವಾಗ "ತೋಳ ಉಳಿಸಬೇಕು" ಅಂತ ಉಪದೇಶ ಬೇಡ. ಕುರಿ ಕಳೆದುಕೊಂಡವರು ಅವರು.

ಸಾಮಾನಿನ ಬಗ್ಗೆ ಎರಡೇ ಮಾತು. ಜಾಲಿ ಮುಳ್ಳು ಚಪ್ಪಲಿಯನ್ನು ಸೀಳಿ ಒಳಗೆ ಬರುತ್ತದೆ, ಮಕ್ಕಳಿಗೂ ದಪ್ಪ ಅಟ್ಟೆಯ ಶೂ ಹಾಕಿಸಿ. ನೀರು ದೊಡ್ಡವರಿಗೆ ತಲಾ ಮೂರು ಲೀಟರ್, ಮಕ್ಕಳಿಗೆ ಎರಡು. ಜೀಪು, ಟೆಂಟು, ದೊಡ್ಡ ಲೆನ್ಸು ಏನೂ ಬೇಡ. ಒಂದು ಸಾಧಾರಣ ಬೈನಾಕ್ಯುಲರ್ ಇದ್ದರೆ ಸಾಕು. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಪುಡಿ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ದಾವಣಗೆರೆಯವರು ಮಂಡಕ್ಕಿ ಬಿಟ್ಟು ಹೊರಡುವುದಿಲ್ಲ ಅಂತ ಗೊತ್ತು. ತಗೊಂಡು ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಕೊಂಡುಕುರಿಯೋ ಗೂಬೆ ಗೂಡೋ ಕಂಡರೆ ಫೋಟೋ ಹಾಕಿ, ಜಾಗದ ಲೊಕೇಶನ್ ಹಾಕಬೇಡಿ. ಮುಂದಿನ ಭಾನುವಾರವೇ ಅಲ್ಲಿ ನಲವತ್ತು ಬೈಕ್ ನಿಂತಿರುತ್ತವೆ.

ಒಂದು ವರ್ಷ ಹೀಗೆ ತಿರುಗಿದ ಮೇಲೆ ದೇಶದ ಕಡೆ ಹೊರಡಿ. ಹುಲಿ ಸಫಾರಿಯಿಂದ ಶುರು ಮಾಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಹುಲಿ ಕಾಣದಿದ್ದರೆ ಮಕ್ಕಳಿಗೆ ಇಡೀ ಕಾಡೇ ಸಪ್ಪೆ ಅನ್ನಿಸುತ್ತದೆ. ನೀವು ಕಲಿತದ್ದು ಒಣ ನೆಲದ ಓದು. ಅದು ಮುಂದುವರಿಯುವ ಜಾಗಕ್ಕೆ ಹೋಗಿ. ಗುಜರಾತಿನ ವೇಳಾವದರ್ ಬರೀ 34 ಚದರ ಕಿಲೋಮೀಟರಿನ ಹುಲ್ಲುಗಾವಲು. ಚಳಿಗಾಲದ ಸಂಜೆ ದೂರದ ಮಧ್ಯ ಏಷ್ಯಾ ಕಡೆಯಿಂದ ಬಂದ ಸೆಳೆವ (ಹ್ಯಾರಿಯರ್) ಅನ್ನುವ ಬೇಟೆ ಹಕ್ಕಿಗಳು ಗುಂಪುಗುಂಪಾಗಿ ಹುಲ್ಲಿನೊಳಗೆ ಇಳಿಯುತ್ತವೆ. ಅಲ್ಲಿಂದ ಕಛ್‌ನ ಚಿಕ್ಕ ರಣ್ ದೂರವಲ್ಲ. ಸುಮಾರು 5,000 ಚದರ ಕಿಲೋಮೀಟರ್ ಉಪ್ಪು ನೆಲ, ಕಾಡುಕತ್ತೆಗಳ ಊರು. ಮಳೆಗಾಲದಲ್ಲಿ ಅದು ನೀರು, ಹೋಗುವಂತಿಲ್ಲ. ಜೈಸಲ್ಮೇರ್ ಪಕ್ಕದ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇದೆ. ಒಂದು ಕಾಲಕ್ಕೆ ರಾಣೆಬೆನ್ನೂರಿನ ಬಯಲಲ್ಲೂ ಇದ್ದ ಹಕ್ಕಿ ಅದು. ಲಡಾಖ್ ಮಾತ್ರ ಚಿಕ್ಕವರು ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಇಳಿದ ಮೇಲೆ ಕನಿಷ್ಠ ಎರಡು ದಿನ ಸುಮ್ನೆ ಮಲಗಿಯೇ ಇರಬೇಕು. ಮಕ್ಕಳು ಎರಡು ದಿನ ಹೋಟೆಲ್ ರೂಮಿನಲ್ಲಿ ಸುಮ್ನೆ ಇರುತ್ತಾರಾ ಅನ್ನುವುದನ್ನು ನೀವೇ ಹೇಳಬೇಕು.

ಗುಜರಾತ್ ಪ್ರವಾಸಕ್ಕೆ ಕ್ರಿಸ್ಮಸ್ ರಜೆ ಸರಿಯಾದ ಹೊತ್ತು. ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ದೀಪಾವಳಿ ಗಲಾಟೆಯಲ್ಲಿ ಮರೆಯಬೇಡಿ, ಅಕ್ಟೋಬರ್ ಕೊನೆಗೇ ಟಿಕೆಟ್ ಮಾಡಿಸಿ.